ಖಾಸಗಿತನ ಬಲ್ಲವರ ಸೊತ್ತಾಗಬಾರದು

ಎಲ್ಲಿಂದಲೋ ಲಕ್ಷಾಂತರ ಜನರ ಮಾಹಿತಿ ಸೋರಿಹೋಯಿತು ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಉಪದೇಶವೂ ಬರುತ್ತದೆ. ಪಾಸ್‌ವರ್ಡ್ ಬದಲಿಸಿ, ಕಂಡಕಂಡ ಆ್ಯಪ್‌ಗಳಿಗೆ ಅನುಮತಿ ಕೊಡಬೇಡಿ, ಷರತ್ತುಗಳನ್ನು ಓದದೆ ಒಪ್ಪಬೇಡಿ. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ತಂತ್ರಾಂಶದ ಒಳಹೊರಗನ್ನು ಅಷ್ಟಿಷ್ಟು ಬಲ್ಲ ನಾನೂ ಇವನ್ನೆಲ್ಲ ಪಾಲಿಸುತ್ತೇನೆ. ಜಾಹೀರಾತು ಕಂಪನಿಗಳು ನನ್ನ ಹಿಂದೆ ಬೀಳದಂತೆ ತಡೆಯುವ ವ್ಯವಸ್ಥೆ ನನ್ನ ಬ್ರೌಸರ್‌ನಲ್ಲಿದೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಕೀಲಿಮಣೆ ಮುಕ್ತ ತಂತ್ರಾಂಶದ್ದು, ಅದಕ್ಕೆ ಇಂಟರ್ನೆಟ್ ತಲುಪುವ ಅನುಮತಿಯೇ ಇಲ್ಲ. ಆದರೆ ಈ ಉಪದೇಶದ ತಳದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ತೀರ್ಮಾನ ಇದೆ: ಖಾಸಗಿತನ ಒಂದು ಕೌಶಲ, ಕಲಿತವನಿಗೆ ಅದು ದಕ್ಕುತ್ತದೆ, ಕಲಿಯದವನು ಕಳೆದುಕೊಂಡರೆ ತಪ್ಪು ಅವನದೇ. ಈ ತೀರ್ಮಾನ ಅನ್ಯಾಯದ್ದು, ಜೊತೆಗೆ ತಾಂತ್ರಿಕವಾಗಿಯೂ ತಪ್ಪು ಎಂಬುದು ನನ್ನ ವಾದ.

ಅನ್ಯಾಯದ ಮಾತನ್ನು ಮೊದಲು ನೋಡೋಣ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಅವರ ವಯಸ್ಸು ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲಿ ಎದ್ದ ಪ್ರಶ್ನೆಗೆ ಉತ್ತರವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸಂವಿಧಾನವನ್ನು ಒಮ್ಮೆಯೂ ತೆರೆದು ನೋಡದವರಿಗೂ ಮೂಲಭೂತ ಹಕ್ಕುಗಳಿವೆ. ಹಾಗಿರುವಾಗ ಈ ಒಂದು ಹಕ್ಕು ಮಾತ್ರ ಸೆಟ್ಟಿಂಗ್ಸ್‌ನ ನಾಲ್ಕನೇ ಪುಟದಲ್ಲಿರುವ ಗುಂಡಿಯನ್ನು ಹುಡುಕಿ ಒತ್ತಬಲ್ಲವರಿಗೆ ಸಿಕ್ಕಿದರೆ ಅದನ್ನು ಹಕ್ಕೆಂದು ಕರೆಯುವುದು ಹೇಗೆ? ಊರಿಗೆ ನೀರು ಕೊಡುವಾಗ ರೋಗಾಣುಗಳ ಬಗ್ಗೆ ತಿಳಿದವರು ಕುದಿಸಿ ಕುಡಿಯಲಿ ಎಂದು ಕೈತೊಳೆದುಕೊಳ್ಳುವುದಿಲ್ಲ. ಶುದ್ಧೀಕರಿಸಿಯೇ ಕೊಳಾಯಿಗೆ ಬಿಡಬೇಕು ಎನ್ನುತ್ತೇವೆ. ತಂತ್ರಾಂಶದ ವಿಷಯದಲ್ಲೂ ಅದೇ ನಿರೀಕ್ಷೆ ನಮಗಿರಬೇಕು.

ಇನ್ನು ತಾಂತ್ರಿಕವಾಗಿ ಇದು ಏಕೆ ತಪ್ಪು ಎಂಬುದಕ್ಕೆ ಇತಿಹಾಸದಲ್ಲೇ ಒಳ್ಳೆಯ ಪುರಾವೆ ಇದೆ. ಅಮೆರಿಕದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅದುವರೆಗೆ ಹೆಚ್ಚಾಗಿ ಸರ್ಕಾರ, ಸೇನೆ ಮತ್ತು ದೊಡ್ಡ ಸಂಸ್ಥೆಗಳ ಬಳಿ ಇದ್ದ ಬಲವಾದ ಗೂಢಲಿಪಿಯನ್ನು ಅದು ಸಾಮಾನ್ಯರ ಇಮೇಲ್‌ಗೆ ತಂದಿತು. ಬೀಗ ಗಟ್ಟಿಯಾಗಿಯೇ ಇತ್ತು. ಆದರೆ ಬಳಸುವವರು ತಮ್ಮದೇ ಕೀಲಿಗಳನ್ನು ಸೃಷ್ಟಿಸಿಕೊಳ್ಳಬೇಕು, ಒಂದನ್ನು ಗುಟ್ಟಾಗಿಟ್ಟು ಇನ್ನೊಂದನ್ನು ಹಂಚಬೇಕು, ಎದುರಿನವರ ಕೀಲಿ ನಿಜವಾಗಿ ಅವರದೇ ಎಂದು ಪರೀಕ್ಷಿಸಬೇಕು. 1999ರಲ್ಲಿ ಆಲ್ಮಾ ವಿಟ್ಟನ್ ಮತ್ತು ಜೆ.ಡಿ. ಟೈಗರ್ ಎಂಬ ಸಂಶೋಧಕರು ಇಮೇಲ್ ಬಳಸಿ ಅಭ್ಯಾಸವಿದ್ದ 12 ಜನರನ್ನು ಕೂರಿಸಿ, ಪಿಜಿಪಿ ಬಳಸಿ ಸಂದೇಶವೊಂದನ್ನು ಕಳಿಸಲು 90 ನಿಮಿಷ ಕೊಟ್ಟರು. ಸಂದೇಶಕ್ಕೆ ಸರಿಯಾಗಿ ಸಹಿ ಹಾಕಿ, ಗೂಢಲಿಪಿಗೆ ತಿರುಗಿಸಿ ಕಳಿಸಲು ಸಾಧ್ಯವಾದದ್ದು ಅವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಮಾತ್ರ. ಗುಟ್ಟಾಗಿಡಬೇಕಿದ್ದ ಸಂದೇಶವನ್ನು ಬಟಾಬಯಲಿನಲ್ಲಿ ಕಳಿಸಿಬಿಟ್ಟವರೂ ಇದ್ದರು. ಅವರು ದಡ್ಡರಾಗಿರಲಿಲ್ಲ. ಬಳಸುವವರ ಮೇಲೆ ಹೊರಿಸಬಾರದ ಹೊರೆಯನ್ನು ತಂತ್ರಾಂಶ ಹೊರಿಸಿತ್ತು.

ಇದರ ಎದುರಿಗೆ 2016ರ ಏಪ್ರಿಲ್‌ನ ಘಟನೆಯನ್ನಿಟ್ಟು ನೋಡಿ. ಸಿಗ್ನಲ್ ಆ್ಯಪ್‌ನ ತಂಡ ರೂಪಿಸಿದ ಮುಕ್ತ ಗೂಢಲಿಪಿ ವಿಧಾನವನ್ನು ವಾಟ್ಸ್‌ಆ್ಯಪ್ ತನ್ನ ಎಲ್ಲ ಬಳಕೆದಾರರಿಗೂ ಅಳವಡಿಸಿತು. ಆಗ ಅದರ ಬಳಕೆದಾರರು ಸುಮಾರು 100 ಕೋಟಿ. ಅವರಲ್ಲಿ ಯಾರೂ ಏನನ್ನೂ ಕಲಿಯಲಿಲ್ಲ, ಯಾವ ಗುಂಡಿಯನ್ನೂ ಒತ್ತಲಿಲ್ಲ. ತರಕಾರಿ ಮಾರುವವರ ಧ್ವನಿಸಂದೇಶಕ್ಕೂ ಗೂಢಲಿಪಿ ತಜ್ಞರ ಸಂದೇಶಕ್ಕೂ ಒಂದೇ ಬಗೆಯ ರಕ್ಷಣೆ ಸಿಕ್ಕಿತು. ಕಾಲು ಶತಮಾನದ ಉಪದೇಶದಿಂದ ಆಗದ ಕೆಲಸವನ್ನು ವಿನ್ಯಾಸದ ಒಂದು ತೀರ್ಮಾನ ಮಾಡಿ ಮುಗಿಸಿತು. ಜಾಲತಾಣಗಳ ಕಥೆಯೂ ಇದೇ. ತಾಣಕ್ಕೂ ಓದುಗರಿಗೂ ನಡುವಿನ ಸಂಪರ್ಕವನ್ನು ಭದ್ರಪಡಿಸುವ ಪ್ರಮಾಣಪತ್ರವನ್ನು ಹಿಂದೆ ದುಡ್ಡು ಕೊಟ್ಟು ಪಡೆಯಬೇಕಿತ್ತು, ಅಳವಡಿಸುವುದೂ ತ್ರಾಸದ ಕೆಲಸವಾಗಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಯೋಜನೆ ಅದನ್ನು ಉಚಿತವಾಗಿ, ತನ್ನಷ್ಟಕ್ಕೇ ನಡೆಯುವಂತೆ ಮಾಡಿಕೊಟ್ಟಿತು. 2017ರ ಮಧ್ಯದಲ್ಲಿ ಜಗತ್ತಿನಲ್ಲಿ ತೆರೆಯಲಾಗುತ್ತಿದ್ದ ಜಾಲಪುಟಗಳಲ್ಲಿ ಸುಮಾರು ಶೇಕಡ 58 ಹೀಗೆ ಭದ್ರವಾಗಿದ್ದರೆ, 2020ರ ಆರಂಭದ ವೇಳೆಗೆ ಆ ಪ್ರಮಾಣ ಶೇಕಡ 81ಕ್ಕೆ ಏರಿತ್ತು. ಓದುಗರಲ್ಲಿ ಬಹುಪಾಲು ಜನರಿಗೆ ಹೀಗೊಂದು ಬದಲಾವಣೆ ಆದದ್ದೇ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಆದ್ದರಿಂದ ಒಂದು ಆ್ಯಪ್‌ನಲ್ಲಿ ಖಾಸಗಿತನದ ಸೌಲಭ್ಯ ಇದೆಯೇ ಎಂದು ಕೇಳಿದರೆ ಸಾಲದು. ನಾವು ಏನನ್ನೂ ಮುಟ್ಟದಿದ್ದಾಗ, ಅಂದರೆ ಡೀಫಾಲ್ಟ್ ಆಗಿ, ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಬೇಕು. ವಾಟ್ಸ್‌ಆ್ಯಪ್‌ಗಿಂತ ಟೆಲಿಗ್ರಾಂ ಹೆಚ್ಚು ಗುಟ್ಟಿನದು ಎಂದು ನಂಬಿದವರು ನಮ್ಮಲ್ಲಿ ಬಹಳ. ಆದರೆ ಅಲ್ಲಿನ ಸಾಮಾನ್ಯ ಮಾತುಕತೆಗಳಿಗೆ ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲಂಥ ಗೂಢಲಿಪಿ ಇಲ್ಲ. 'ಸೀಕ್ರೆಟ್ ಚಾಟ್' ಎಂಬುದನ್ನು ಬೇರೆಯಾಗಿ ತೆರೆದಾಗಲಷ್ಟೇ ಅದು ಸಿಗುತ್ತದೆ, ಗುಂಪುಗಳಿಗಂತೂ ಅದೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲೂ ಕ್ಲೌಡ್‌ಗೆ ಹೋಗುವ ಬ್ಯಾಕಪ್‌ಗೆ ಇಂಥ ಗೂಢಲಿಪಿ ಬಂದದ್ದು 2021ರಲ್ಲಿ, ಅದೂ ಬೇಕಾದವರು ಆರಿಸಿಕೊಳ್ಳಬೇಕಾದ ಸೌಲಭ್ಯವಾಗಿ. ಡೀಫಾಲ್ಟ್ ಎಂಬುದರ ಬಲ ಎಷ್ಟೆಂದು ತಿಳಿಯಲು ಇನ್ನೊಂದು ಘಟನೆ ಸಾಕು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಐಫೋನಿನಲ್ಲಿ ಹೊಸ ನಿಯಮ ತಂದಿತು: ಬೇರೆ ಕಂಪನಿಗಳ ಆ್ಯಪ್ ಮತ್ತು ತಾಣಗಳಲ್ಲಿ ಬಳಕೆದಾರರನ್ನು ಹಿಂಬಾಲಿಸಬೇಕಾದರೆ ಆ್ಯಪ್‌ಗಳು ಮೊದಲು ಅವರನ್ನು ಕೇಳಲೇಬೇಕು, ಅವರು ಒಪ್ಪುವ ತನಕ ಹಿಂಬಾಲಿಸುವಂತಿಲ್ಲ. ಇದರಿಂದ 2022ರ ತನ್ನ ವರಮಾನಕ್ಕೆ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಲಿದೆ ಎಂದು ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯೇ ಅಂದಾಜಿಸಿತು. ಜನ ಮನಃಪೂರ್ವಕವಾಗಿ ಒಪ್ಪಿ ಕೊಡುತ್ತಿದ್ದ ಮಾಹಿತಿಯೇ ಆಗಿದ್ದರೆ, ಒಮ್ಮೆ ಕೇಳಿದ ಮಾತ್ರಕ್ಕೆ ಇಷ್ಟು ದೊಡ್ಡ ನಷ್ಟದ ಭಯ ಏಕೆ ಹುಟ್ಟಬೇಕಿತ್ತು?

ಒಪ್ಪಿಗೆಯ ಮಾತು ಬಂದದ್ದರಿಂದ ಅದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿರುವುದೇ ಹೆಚ್ಚಾಗಿ ಒಪ್ಪಿಗೆಯ ತಳಹದಿಯ ಮೇಲೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲೋ ಓದುವ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ. ಕನ್ನಡದಲ್ಲಿ ನೋಟಿಸ್ ಕೇಳುವ ಹಕ್ಕು ನಮಗೆ ಸಿಗುವುದು ಸಣ್ಣ ಸಂಗತಿಯೇನೂ ಅಲ್ಲ, ಅದನ್ನು ಬಿಡದೆ ಕೇಳಿ ಪಡೆಯಬೇಕು. ಆದರೆ ಬೇಡ ಎನ್ನಲಾಗದ ಕಡೆ ಎಷ್ಟು ತಿಳಿಗನ್ನಡದಲ್ಲಿ ಬರೆದಿದ್ದರೂ ಒಪ್ಪಿಗೆಗೆ ಅರ್ಥವಿಲ್ಲ. ಮಗುವಿನ ಶಾಲೆ ಹೋಮ್‌ವರ್ಕ್ ಕಳಿಸುವುದು ಒಂದೇ ಆ್ಯಪ್‌ನಲ್ಲಾದರೆ ಯಾವ ತಾಯಿ ಬೇಡ ಎಂದಾಳು? ಅಪಾರ್ಟ್‌ಮೆಂಟಿನ ಗೇಟು ದಾಟಲು ಮನೆಗೆಲಸದವರ ಫೋಟೊ, ಫೋನ್ ನಂಬರು, ಬಂದುಹೋದ ಹೊತ್ತು ಎಲ್ಲವೂ ಆ್ಯಪ್‌ಗೆ ಸೇರಬೇಕಾದರೆ, ಆ ಕೆಲಸವನ್ನೇ ನಂಬಿದವರು ನಾನು ಒಪ್ಪುವುದಿಲ್ಲ ಎಂದು ಹೇಳಬಲ್ಲರೇ? ಅಂಗಡಿಯವರು ಬಿಲ್ ಕೊಡಲು ಗ್ರಾಹಕರ ಮೊಬೈಲ್ ನಂಬರಿಗೆ ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಸೂಚನೆ ಕೊಡಬೇಕಾಯಿತು. ಸೂಚನೆಯ ನಂತರವೂ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.

ಇನ್ನೂ ಆಳದ ತೊಡಕೊಂದಿದೆ. ನಮ್ಮ ಮಾಹಿತಿಯನ್ನು ನಾವು ಮಾತ್ರ ಕೊಡುವುದಿಲ್ಲ, ನಮ್ಮನ್ನು ಬಲ್ಲವರೂ ಕೊಡುತ್ತಾರೆ. 2018ರಲ್ಲಿ ಬಯಲಾದ ಕೇಂಬ್ರಿಡ್ಜ್ ಅನಲಿಟಿಕಾ ಹಗರಣದಲ್ಲಿ ಫೇಸ್‌ಬುಕ್ ತಾನೇ ಕೊಟ್ಟ ಲೆಕ್ಕದ ಪ್ರಕಾರ, ಮಾಹಿತಿ ಸಂಗ್ರಹಿಸಿದ ವ್ಯಕ್ತಿತ್ವ ಪರೀಕ್ಷೆಯ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಜನ. ಆದರೆ ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಉಳಿದವರೆಲ್ಲ ಮಾಡಿದ್ದು ಇಷ್ಟೇ: ಆ ಆ್ಯಪನ್ನು ಹಾಕಿಕೊಂಡ ಯಾರೋ ಒಬ್ಬರ ಫೇಸ್‌ಬುಕ್ ಗೆಳೆಯರಾಗಿದ್ದರು. ಅವರಲ್ಲಿ ಎಷ್ಟೇ ಎಚ್ಚರದವರು ಇದ್ದಿರಲಿ, ಎಷ್ಟೇ ಬಲವಾದ ಪಾಸ್‌ವರ್ಡ್ ಇಟ್ಟಿರಲಿ, ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಇಂದೂ ಯಾವುದೋ ಆ್ಯಪ್‌ಗೆ ನಾವು ಕಾಂಟ್ಯಾಕ್ಟ್ಸ್ ಅನುಮತಿ ಕೊಟ್ಟಾಗ ಒಪ್ಪಿಗೆ ಒಬ್ಬರದು, ಹೋಗುವ ನಂಬರುಗಳು ನೂರಾರು ಜನರವು. ಅದರಲ್ಲಿ ವೈದ್ಯರು, ಬಾಡಿಗೆಗಿದ್ದವರು, ದೂರವಾದ ನಂಟರು ಎಲ್ಲರೂ ಇರುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಮಾಹಿತಿಯನ್ನು ಕಾಯ್ದುಕೊಂಡರೆ ಸಾಕು ಎಂಬ ವಾದ ಇಲ್ಲಿಗೆ ಕುಸಿಯುತ್ತದೆ. ಖಾಸಗಿತನವನ್ನು ಒಟ್ಟಾಗಿಯೇ ಉಳಿಸಿಕೊಳ್ಳಬೇಕು, ಇಲ್ಲವಾದರೆ ಯಾರಿಗೂ ಉಳಿಯುವುದಿಲ್ಲ.

ಹಾಗಾದರೆ ಯಾವುದನ್ನು ನೆಚ್ಚಬಹುದು? ನನಗೆ ತಿಳಿದಂತೆ, ಸೋರದಿರುವ ಮಾಹಿತಿ ಒಂದೇ: ಸಂಗ್ರಹಿಸದೇ ಇರುವ ಮಾಹಿತಿ. 2016ರಲ್ಲಿ ಅಮೆರಿಕದ ವರ್ಜೀನಿಯಾದ ತನಿಖೆಯೊಂದರಲ್ಲಿ ಸಿಗ್ನಲ್ ಬಳಕೆದಾರರ ವಿವರಗಳನ್ನು ಒಪ್ಪಿಸುವಂತೆ ಅದನ್ನು ನಡೆಸುವವರಿಗೆ ಕಾನೂನಿನ ಆದೇಶ ಬಂತು. ಅವರು ಆದೇಶವನ್ನು ಧಿಕ್ಕರಿಸಲಿಲ್ಲ, ಇದ್ದದ್ದನ್ನೆಲ್ಲ ಕೊಟ್ಟರು. ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸೇವೆಗೆ ಸಂಪರ್ಕಗೊಂಡ ದಿನ. ಯಾರ ಜೊತೆ ಮಾತಾಡಿದರು, ಯಾವ ಗುಂಪಿನಲ್ಲಿದ್ದರು, ಯಾರ ನಂಬರು ಇಟ್ಟುಕೊಂಡಿದ್ದರು ಎಂಬುದನ್ನು ಉಳಿಸಿಕೊಳ್ಳದ ಹಾಗೆ ಅವರು ತಂತ್ರಾಂಶವನ್ನೇ ಕಟ್ಟಿದ್ದರು. ಒಳ್ಳೆಯತನದ ಭರವಸೆಗೂ ಒಳ್ಳೆಯ ವಿನ್ಯಾಸಕ್ಕೂ ಇರುವ ಅಂತರ ಇದು. ಭರವಸೆ ಕೊಟ್ಟ ಕಂಪನಿಯನ್ನು ನಾಳೆ ಯಾರೋ ಕೊಳ್ಳಬಹುದು, ಅದರ ಧೋರಣೆ ಬದಲಾಗಬಹುದು. ವಾಟ್ಸ್‌ಆ್ಯಪ್ ಸಂದೇಶದ ಒಳಗಿನದನ್ನು ಓದಲಾರದು ನಿಜ. ಆದರೆ ಯಾರು ಯಾರೊಡನೆ ಯಾವಾಗ ಮಾತಾಡಿದರು ಎಂಬ ಹೊರಗಿನ ವಿವರ ಅದಕ್ಕೆ ಸಿಗುತ್ತದೆ. 2021ರಲ್ಲಿ ಅದು ಮೆಟಾದ ಇತರ ಕಂಪನಿಗಳ ಜೊತೆ ಮಾಹಿತಿ ಹಂಚಿಕೊಳ್ಳುವ ಹೊಸ ಷರತ್ತುಗಳನ್ನು ಒಪ್ಪಲೇಬೇಕೆಂದು ಮುಂದಿಟ್ಟಾಗ ಕೋಟ್ಯಂತರ ಭಾರತೀಯರಿಗೆ ಬೇರೆ ದಾರಿ ಇರಲಿಲ್ಲ. ಇದೇ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು.

ಬೇರೆ ದಾರಿ ಏಕಿರಲಿಲ್ಲ ಎಂಬುದನ್ನೂ ಯೋಚಿಸಬೇಕು. ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ ಎನ್ನುವುದು ಸುಲಭ. ಊರಿನ ಸಂಘ, ಮಕ್ಕಳ ತರಗತಿ, ಮನೆಮಂದಿ, ಕಚೇರಿ ಎಲ್ಲವೂ ಒಂದೇ ಕಡೆ ಇರುವಾಗ ಒಬ್ಬರು ಬಿಟ್ಟು ಹೊರಟರೆ ಕಳೆದುಕೊಳ್ಳುವುದು ಆ್ಯಪನ್ನಲ್ಲ, ಜನರನ್ನು. ಈ ಕಟ್ಟನ್ನು ಸಡಿಲಿಸುವ ಬಗೆ ನಮಗೆ ಹೊಸದಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಗಿದೆ. ಒಂದು ಕಂಪನಿಯ ಗ್ರಾಹಕರು ಇನ್ನೊಂದರವರಿಗೆ ಕರೆ ಮಾಡಲು ಮೊದಲಿಂದಲೂ ಅಡ್ಡಿಯಿಲ್ಲ. 2016ರಲ್ಲಿ ಬಂದ ಯುಪಿಐನಲ್ಲಿ ಫೋನ್‌ಪೇ ಬಳಸುವವರು ಗೂಗಲ್ ಪೇ ಬಳಸುವವರಿಗೆ ಹಣ ಕಳಿಸುತ್ತಾರೆ, ಯಾರೂ ಅದನ್ನು ಪವಾಡವೆಂದು ತಿಳಿಯುವುದಿಲ್ಲ. ದುಡ್ಡಿಗೆ ಸಾಧ್ಯವಾದದ್ದು ಮಾತಿಗೆ ಏಕೆ ಸಾಧ್ಯವಾಗಬಾರದು? ಐರೋಪ್ಯ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಮೂಲಕ, ಬೇರೆ ಸಂದೇಶ ಸೇವೆಗಳು ಕೇಳಿದರೆ ಬಾಗಿಲು ತೆರೆಯುವ ಹೊಣೆಯನ್ನು ವಾಟ್ಸ್‌ಆ್ಯಪ್‌ನಂಥ ದೈತ್ಯರ ಮೇಲೆ ಹೊರಿಸಿದೆ. ಗೂಢಲಿಪಿಯನ್ನು ಸಡಿಲಗೊಳಿಸದೆ ಇದನ್ನು ಮಾಡುವುದು ಕಷ್ಟದ ಕೆಲಸ, ಆದರೆ ಆಗದ ಕೆಲಸವಲ್ಲ. ಜಗತ್ತಿಗೆ ಯುಪಿಐ ತೋರಿಸಿದ ದೇಶ ಇಂಥ ನಿಯಮವನ್ನು ಕೇಳಲು ಹಿಂಜರಿಯಬೇಕಿಲ್ಲ.

ಕಂಪನಿಗಳಿಗೆ ಹೇಳಿದ ಮಾತು ಸರ್ಕಾರಕ್ಕೂ ಅನ್ವಯಿಸಬೇಕು, ಅಲ್ಲಿ ಇನ್ನೂ ಬಿಗಿಯಾಗಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಯ ನಡುವೆ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರ ಸಾರ್ವಜನಿಕವಾಗಿ ಪ್ರಕಟಿಸಿತು. ಅವರು ಹಗಲೆಲ್ಲ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್ ಮೂಲಕ ಕಳಿಸಬೇಕೆಂಬ ಆದೇಶವೂ ಬಂತು. ಕಾಲ ಕಠಿಣವಾಗಿತ್ತು, ಅಧಿಕಾರಿಗಳ ಮೇಲೆ ಒತ್ತಡವಿತ್ತು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚಲು ಆ್ಯಪಲ್ ಮತ್ತು ಗೂಗಲ್ ಸೇರಿ ಪ್ರಕಟಿಸಿದ ವಿಧಾನವನ್ನು ನೋಡಿ: ಫೋನುಗಳು ಬ್ಲೂಟೂತ್ ಮೂಲಕ ಆಗಾಗ ಬದಲಾಗುವ ಸಂಖ್ಯೆಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ, ಸೋಂಕಿತರ ಹತ್ತಿರ ಇದ್ದೆವೇ ಎಂಬ ಲೆಕ್ಕ ಫೋನಿನೊಳಗೇ ನಡೆಯುತ್ತದೆ, ಯಾರು ಎಲ್ಲಿಗೆ ಹೋದರೆಂಬುದು ಯಾವ ಕೇಂದ್ರಕ್ಕೂ ಗೊತ್ತಾಗುವುದಿಲ್ಲ. ಅದೇ ತಿಂಗಳು ಬಂದ ನಮ್ಮ ಸರ್ಕಾರದ ಆರೋಗ್ಯ ಸೇತು ಆ್ಯಪ್ ಬ್ಲೂಟೂತ್ ಜೊತೆಗೆ ಬಳಕೆದಾರರು ಇರುವ ಜಾಗವನ್ನೂ ದಾಖಲಿಸಿತು. ಒಂದೇ ಕೆಲಸಕ್ಕೆ ಎರಡು ದಾರಿಗಳಿದ್ದವು ಎಂಬುದನ್ನು ಮರೆಯಬಾರದು. ಜನರ ಒತ್ತಾಯದ ನಂತರ 2020ರ ಮೇ ತಿಂಗಳಲ್ಲಿ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಆವೃತ್ತಿಯ ಮೂಲ ಸಂಕೇತವನ್ನು ಬಹಿರಂಗಗೊಳಿಸಲಾಯಿತು. ಬಳಕೆದಾರರ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಹಂಚಿಕೊಳ್ಳದಂತೆ ಕರ್ನಾಟಕ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ನೀಡಿತು. ಕೇಳಿದರೆ ಬದಲಾವಣೆ ಆಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ. ಆದರೆ 2023ರ ಕಾಯ್ದೆಯು ಸರ್ಕಾರದ ಸಂಸ್ಥೆಗಳಿಗೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಗಳಿಗೆ ಒಂದು ಅಧಿಸೂಚನೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಸಾಲದೆಂಬಂತೆ, ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣ ಹೇಳಿ ಅರ್ಜಿಗಳನ್ನು ತಿರಸ್ಕರಿಸುವುದನ್ನು ಸುಲಭ ಮಾಡಿದೆ. ಪ್ರಜೆಗಳು ಪಾರದರ್ಶಕವಾಗಿ, ಆಳುವವರು ಮರೆಯಲ್ಲಿ ಇರುವುದು ಖಾಸಗಿತನದ ರಕ್ಷಣೆ ಆಗಲಾರದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಂಭೀರವಾದವು ಎರಡು. ಮೊದಲನೆಯದು: ಸೇವೆ ಬಿಟ್ಟಿಯಾಗಿ ಸಿಗಬೇಕಾದರೆ ಜಾಹೀರಾತು ಬೇಕು, ಜಾಹೀರಾತಿಗೆ ಮಾಹಿತಿ ಬೇಕು. ಜಾಹೀರಾತು ಬೇಕೆಂಬುದನ್ನು ಒಪ್ಪೋಣ. ಆದರೆ ಕನ್ನಡದ ಪತ್ರಿಕೆಗಳು ತಲೆಮಾರುಗಳ ಕಾಲ ಜಾಹೀರಾತಿನ ಬಲದಿಂದಲೇ ನಡೆದಿವೆ; ಯಾವ ಓದುಗರು ಯಾವ ಪುಟದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟರು ಎಂದು ಅವು ಎಂದೂ ಲೆಕ್ಕ ಇಟ್ಟಿರಲಿಲ್ಲ. ಕೃಷಿಯ ಲೇಖನದ ಪಕ್ಕದಲ್ಲಿ ಪಂಪ್‌ಸೆಟ್ಟಿನ ಜಾಹೀರಾತು ಹಾಕಲು ಓದುಗರ ಚರಿತ್ರೆ ಬೇಕಿಲ್ಲ. ಡಕ್‌ಡಕ್‌ಗೋ ಎಂಬ ಹುಡುಕು ತಾಣ ಇಂದೂ ನಾವು ಹುಡುಕಿದ ಪದಕ್ಕೆ ತಕ್ಕ ಜಾಹೀರಾತು ತೋರಿಸುತ್ತದೆ, ನಮ್ಮ ಬಗ್ಗೆ ಕಡತ ಕಟ್ಟುವುದಿಲ್ಲ. ಲಾಭ ಒಂದಿಷ್ಟು ಕಡಿಮೆಯಾದೀತು. ಲಾಭದ ಪ್ರಮಾಣ ಮೂಲಭೂತ ಹಕ್ಕನ್ನು ಬದಿಗಿಡಲು ತಕ್ಕ ಕಾರಣವಲ್ಲ.

ಎರಡನೆಯದು ಇನ್ನೂ ಭಾರವಾದದ್ದು: ಅಪರಾಧಿಗಳೂ ಇದೇ ಗೂಢಲಿಪಿಯ ಹಿಂದೆ ಅಡಗುತ್ತಾರೆ, ಪೊಲೀಸರಿಗಾದರೂ ಒಂದು ಹಿಂಬಾಗಿಲು ಬೇಡವೇ? ಮಕ್ಕಳ ಮೇಲಿನ ದೌರ್ಜನ್ಯ, ವಂಚನೆ, ಭಯೋತ್ಪಾದನೆಯ ಸಂತ್ರಸ್ತರನ್ನು ನೆನೆದಾಗ ಈ ಪ್ರಶ್ನೆಯನ್ನು ತಳ್ಳಿಹಾಕುವ ಮನಸ್ಸು ಬರುವುದಿಲ್ಲ. ಆದರೆ ಸಜ್ಜನರಿಗೆ ಮಾತ್ರ ತೆರೆಯುವ ಹಿಂಬಾಗಿಲನ್ನು ಈವರೆಗೆ ಯಾರೂ ಕಟ್ಟಿಲ್ಲ. ಗ್ರೀಸ್ ದೇಶದಲ್ಲಿ 2004ರಿಂದ 2005ರ ನಡುವೆ ನಡೆದದ್ದನ್ನು ನೋಡಿ. ಕಾನೂನುಬದ್ಧ ಕದ್ದಾಲಿಕೆಗೆಂದು ದೂರವಾಣಿ ವಿನಿಮಯ ಕೇಂದ್ರಗಳ ತಂತ್ರಾಂಶದಲ್ಲಿ ಸೇರಿಸಿದ್ದ ಸೌಲಭ್ಯವನ್ನು ಯಾರೋ ಗುಟ್ಟಾಗಿ ವಶಪಡಿಸಿಕೊಂಡು ಪ್ರಧಾನಿಯೂ ಸೇರಿದಂತೆ ಸುಮಾರು ನೂರು ಜನ ಗಣ್ಯರ ಫೋನುಗಳನ್ನು ತಿಂಗಳುಗಟ್ಟಲೆ ಆಲಿಸಿದರು. ಪೊಲೀಸರಿಗೆಂದು ಮಾಡಿದ ಬಾಗಿಲಿನಿಂದಲೇ ಪ್ರಧಾನಿಯ ಮಾತು ಹೊರಬಿತ್ತು. ತನಿಖೆಗೆ ಬೇರೆ ದಾರಿಗಳಿವೆ: ವಶಪಡಿಸಿಕೊಂಡ ಫೋನು, ಹಣದ ಜಾಡು, ಸಾಕ್ಷಿಗಳು, ನ್ಯಾಯಾಲಯದ ಅನುಮತಿ ಪಡೆದು ಒಬ್ಬ ನಿರ್ದಿಷ್ಟ ಶಂಕಿತನ ಮೇಲಿಡುವ ನಿಗಾ. ಅವು ನಿಧಾನ, ಶ್ರಮದ ದಾರಿಗಳು. ಒಬ್ಬನನ್ನು ಹಿಡಿಯಲು ಎಲ್ಲರ ಬೀಗವನ್ನೂ ಸಡಿಲಿಸುವುದಕ್ಕಿಂತ ಆ ಶ್ರಮವೇ ಮೇಲು.

ಕೊನೆಗೆ, ಬಲ್ಲವರ ಪಾಲಿನ ಹೊಣೆ ಏನು? ತಮ್ಮ ತಮ್ಮ ಫೋನುಗಳನ್ನು ಭದ್ರಪಡಿಸಿಕೊಂಡು, ಮಾಡಿಕೊಳ್ಳದವರನ್ನು ಕಂಡು ಮರುಗುವುದರಿಂದ ಸಮಾಜಕ್ಕೆ ಏನೂ ಸಿಗದು. ಈ ಮಾತು ಬೆಂಗಳೂರಿಗೆ ವಿಶೇಷವಾಗಿ ಸಲ್ಲುತ್ತದೆ, ಏಕೆಂದರೆ ಜಗತ್ತು ಬಳಸುವ ತಂತ್ರಾಂಶದ ದೊಡ್ಡ ಪಾಲು ಇಲ್ಲಿ ಕಟ್ಟಲ್ಪಡುತ್ತದೆ. ಫಾರಂನಲ್ಲಿ ಜನ್ಮದಿನಾಂಕದ ಕಾಲಂ ಇರಬೇಕೇ, ಸ್ಥಳದ ದಾಖಲೆಯನ್ನು ಎಷ್ಟು ದಿನ ಇಡಬೇಕು, ಕಾಂಟ್ಯಾಕ್ಟ್ಸ್ ಕೇಳಲೇಬೇಕೇ ಎಂಬ ತೀರ್ಮಾನಗಳು ಸಂಸತ್ತಿಗೆ ಬರುವ ಮುಂಚೆ ಇಲ್ಲಿನ ಕಚೇರಿಗಳ ಮೀಟಿಂಗುಗಳಲ್ಲಿ ಆಗಿಹೋಗಿರುತ್ತವೆ. ಆ ಮೇಜಿನ ಸುತ್ತ ಕೂತ ಎಂಜಿನಿಯರ್ ಒಬ್ಬರು "ಇದು ನಮಗೆ ನಿಜವಾಗಿ ಬೇಕೇ?" ಎಂದು ಕೇಳಿ ಒಂದು ಕಾಲಂ ತೆಗೆಸಿದರೆ, ಸಾವಿರ ಉಪದೇಶಗಳಿಂದ ಆಗದಷ್ಟು ಜನರಿಗೆ ರಕ್ಷಣೆ ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಸರ್ಕಾರಿ ಟೆಂಡರಿನ ಷರತ್ತುಗಳಲ್ಲಿ ಇದೇ ಪ್ರಶ್ನೆ ಏಳಬೇಕು. ಸಾರ್ವಜನಿಕರ ದುಡ್ಡಿನಲ್ಲಿ ಬರೆಸಿದ ತಂತ್ರಾಂಶದ ಮೂಲ ಸಂಕೇತ ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕೆಂಬ ಬೇಡಿಕೆಯೂ ಇದಕ್ಕೆ ಸೇರಬೇಕು.

ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾಗಿವೆ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವಿದೆ. ಒಪ್ಪಿಗೆಯ ಗುಂಡಿಗಳನ್ನು ಇನ್ನಷ್ಟು ಚೆಂದಗಾಣಿಸಲು ಆ ಅವಧಿಯನ್ನು ಬಳಸಬಹುದು, ಬೇಡದ್ದನ್ನು ಕೇಳದಿರುವ ಅಭ್ಯಾಸ ಬೆಳೆಸಲೂ ಬಳಸಬಹುದು. ಎರಡನೆಯದು ಆಗಬೇಕಾದರೆ ಪ್ರತಿ ಆ್ಯಪ್, ಪ್ರತಿ ಇಲಾಖೆ, ಪ್ರತಿ ಕಾಯ್ದೆಯನ್ನೂ ನಾವು ಒಂದೇ ಅಳತೆಗೋಲಿನಿಂದ ಅಳೆಯಬೇಕು: ತಂತ್ರಾಂಶದ ಬಗ್ಗೆ ಏನೂ ತಿಳಿಯದ, ಯಾವ ಸೆಟ್ಟಿಂಗನ್ನೂ ಮುಟ್ಟದ ಒಬ್ಬ ಹಿರಿಯರಿಗೆ ಇದು ಎಷ್ಟು ರಕ್ಷಣೆ ಕೊಡುತ್ತದೆ? ಅವರಿಗೆ ಸಿಕ್ಕಷ್ಟೇ ಹಕ್ಕು. ಬಲ್ಲವರಿಗೆ ಅದಕ್ಕಿಂತ ಹೆಚ್ಚು ಸಿಕ್ಕಿದ್ದು ಬರೀ ಸವಲತ್ತು.